ಕನ್ನಡಿಯಾಗಬೇಕೆಂದ ತಗಡು

ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಎರಡು ಅಲ್ಯೂಮಿನಿಯಂ ತಗಡುಗಳಿದ್ದವು. ಪಾಲಿಶ್ ಚಕ್ರ ಹಿರಿಯ ತಗಡಿನ ಮೈತುಂಬ ಸಾಲುಸಾಲಾಗಿ ದುಂಡನೆಯ ಸುಳಿಗಳನ್ನು ಬಿಡಿಸಿತು.

ಕಿರಿಯ ತಗಡು ಮೂಗು ಮುರಿಯಿತು. "ನನ್ನ ಮೇಲೆ ಒಂದು ಗೀರೂ ಕೂಡದು. ಕನ್ನಡಿಯಂತೆ ಹೊಳೆಯಬೇಕು."

"ಅಷ್ಟು ಉಜ್ಜಿದರೆ ನಿನ್ನದು ಅಂತ ಏನೂ ಉಳಿಯುವುದಿಲ್ಲ, ತಾಯಿ," ಎಂದಿತು ಚಕ್ರ.

"ಉಜ್ಜುವುದು ನಿನ್ನ ಕೆಲಸ. ಉಜ್ಜು!"

ಚಕ್ರ ಉಜ್ಜಿತು. ಎರಡನ್ನೂ ಲಾರಿಯ ಬಾಗಿಲಿಗೆ ಅಕ್ಕಪಕ್ಕ ಕೂರಿಸಿದರು. ಡ್ರೈವರ್ ಪೀರಸಾಬ ಬಂದವನೇ ಕಿರಿಯ ತಗಡಿನ ಮುಂದೆ ನಿಂತ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮುಖ ತಿರುಗಿಸಿ, "ಆಹಾ, ಏನು ಚೆಂದ!" ಎಂದ.

ತಗಡು ಉಬ್ಬಿದ ರಭಸಕ್ಕೆ ಒಂದು ರಿವೆಟ್ಟು ಸಡಿಲವಾಯಿತು. "ಕೇಳಿದೆಯಾ ಅಕ್ಕಾ? ನನ್ನನ್ನು ಹೊಗಳಿದ!"

"ಕೇಳಿದೆ, ತಂಗಿ. ಅವನು ಹೊಗಳಿದ್ದು ತನ್ನ ಮೀಸೆಯನ್ನು."