ಗುಡ್ಡ ಇಳಿದ ತಂಗಿ

"ಗುರುಗಳೇ, ಮನಸ್ಸಿನಲ್ಲಿ ಕೋಪ ಇಟ್ಟುಕೊಂಡು ಒಬ್ಬರಿಗೆ ಒಳ್ಳೆಯದು ಮಾಡಬಹುದೇ?"

ಕೇಳಿದವನು ಗದಿಗೆಪ್ಪನೆಂಬ ಶಿಷ್ಯ. ಅವನನ್ನು ಸಾಕಿದ ಚಿಕ್ಕಪ್ಪ, ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೆದುರು ಅವನನ್ನು 'ಬಿಟ್ಟಿ ಅನ್ನ ತಿಂದು ಬೆಳೆದವನು' ಎಂದಿದ್ದ. ಈಗ ಅದೇ ಚಿಕ್ಕಪ್ಪ, ಕಣ್ಣಿನ ಆಪರೇಷನ್ನಿಗೆ ಜೊತೆಗೆ ಬಾ ಎಂದು ಹೇಳಿಕಳಿಸಿದ್ದ.

"ಹೋಗುವುದೇ ಇಲ್ಲ ಎಂದು ಹೇಳುತ್ತಿಲ್ಲ" ಎಂದ ಗದಿಗೆಪ್ಪ. "ಕೋಪ ಇಳಿದ ಮೇಲೆ ಹೋಗುತ್ತೇನೆ. ಒಳಗೆ ಕುದಿಯುತ್ತಾ ಹೊರಗೆ ಕೈ ಹಿಡಿದು ನಡೆಸಿದರೆ ಅದು ನಾಟಕವಾಗುವುದಿಲ್ಲವೇ?"

ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ಅಂಗಡಿಯವನಿದ್ದ. ಊರಿನ ಹಿಂದೆ ಒಂದು ಕಲ್ಲುಗುಡ್ಡ. ರಜೆ ಬಂತೆಂದರೆ ಅವನು ದಪ್ಪ ಟೈರಿನ ಸೈಕಲ್ಲನ್ನು ಗುಡ್ಡದ ನೆತ್ತಿಗೆ ತಳ್ಳಿಕೊಂಡು ಹೋಗಿ, ಕುರಿಗಳು ಓಡಾಡುವ ಕಾಲುದಾರಿಯಲ್ಲಿ ಸವಾರಿ ಮಾಡುತ್ತಾ ಇಳಿಯುತ್ತಿದ್ದ. ದಾರಿ ಬಹಳ ಕಡಿದು. ಪಳಗಿದವರೂ ಅಲ್ಲಿ ಬಿದ್ದಿದ್ದರು. ಅವನು ಬಿದ್ದಿರಲಿಲ್ಲ. ಅದನ್ನು ಅವನು ಎಲ್ಲರಿಗೂ ಹೇಳುತ್ತಿದ್ದ.

ಅವನಿಗೊಬ್ಬಳು ತಂಗಿ. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಿದ್ದಳು. ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿಯುವುದು ಅವಳಿಗೆ ಗೊತ್ತಿತ್ತು. ಒಂದು ದಿನ ಅವಳು, ಗುಡ್ಡದಿಂದ ಇಳಿಯುವುದು ಹೇಗಿರುತ್ತದೆ ಎಂದು ಕೇಳಿದಳು.

"ನೋಡಿದರೆ ಭಯ, ಇಳಿಯುವುದು ಸುಲಭ. ನಾನಿರುತ್ತೇನಲ್ಲ" ಎಂದ ಅಣ್ಣ.

ಅಂಗಡಿಯಿಂದ ಅವಳಿಗೂ ಒಂದು ಸೈಕಲ್ ತೆಗೆದುಕೊಂಡು ಇಬ್ಬರೂ ನೆತ್ತಿಗೆ ಹೋದರು. ಇಳಿಯುವುದು ಸುಲಭವಾಗಿರಲಿಲ್ಲ. ಮೊದಲ ತಿರುವಿನಲ್ಲೇ ಸಡಿಲ ಕಲ್ಲಿನ ಮೇಲೆ ಚಕ್ರ ಜಾರಿತು. ಅವಳ ಮೊಣಕೈ ಸುಲಿದುಹೋಯಿತು. "ಮುಂದಿನ ಬ್ರೇಕ್ ಯಾಕೆ ಒತ್ತಿ ಹಿಡಿದೆ?" ಎಂದು ಅಣ್ಣ ಹಿಂದಿನಿಂದ ಕೂಗಿದ. ಹಿಡಿಯಬಾರದೆಂದು ಅವನು ಮೊದಲು ಹೇಳಿರಲೇ ಇಲ್ಲ. ಅವಳು ಎದ್ದು ಮುಂದೆ ಹೋದಳು. ಒಂದು ಕಲ್ಲನ್ನು ಕಂಡು ಹೆದರಿ ಅದನ್ನೇ ದಿಟ್ಟಿಸಿದಳು. ಸೈಕಲ್ ನೇರ ಅದಕ್ಕೇ ಹೋಗಿ ಗುದ್ದಿತು. "ಕಣ್ಣು ಕಾಣಿಸುವುದಿಲ್ಲವೇನೇ?" ಎಂದು ಅಣ್ಣ ಮತ್ತೆ ಕೂಗಿದ. ಅವಳು ನಿಧಾನ ಮಾಡಿದರೆ ಬೈದ, ವೇಗವಾಗಿ ಹೋದರೆ ಬೈದ. ಅವಳು ಹಲ್ಲು ಕಚ್ಚಿಕೊಂಡು ಇಳಿದಳು.

ಅರ್ಧ ದಾರಿಯಲ್ಲಿ ಒಂದು ಬಂಡೆ ಗೋಡೆಯ ಹಾಗೆ ಕೆಳಗೆ ಇಳಿಯುತ್ತಿತ್ತು. ತಂಗಿ ಸೈಕಲ್ ನಿಲ್ಲಿಸಿದಳು.

"ಇದು ನನ್ನಿಂದಾಗದು ಅಣ್ಣಾ. ಇಲ್ಲಿ ನಡೆದು ಇಳಿಯುತ್ತೇನೆ."

"ನಿನ್ನ ಗಂಡ ಸುಮ್ಮನೆ ಬಿಟ್ಟುಹೋಗಲಿಲ್ಲ" ಎಂದ ಅಣ್ಣ. "ಯಾವುದನ್ನು ಕೊನೆ ಮುಟ್ಟಿಸಿದ್ದೀಯ ನೀನು?"

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಅವಳನ್ನು ದಾಟಿ ಬಂಡೆಯ ಮೇಲೆ ಸೈಕಲ್ ಬಿಟ್ಟ. ಇಳಿಯುತ್ತಲೇ, ತಂಗಿ ನೋಡುತ್ತಿದ್ದಾಳೆಯೇ ಎಂದು ಒಮ್ಮೆ ಕತ್ತು ತಿರುಗಿಸಿದ. ಮುಂದಿನ ಚಕ್ರ ಬಂಡೆಯ ಸೀಳಿಗೆ ಸಿಕ್ಕಿತು. ಅವನು ಹಾರಿ ಕೆಳಗೆ ಬಿದ್ದ.

ತೊಡೆಯ ಮೂಳೆ ಮುರಿದಿತ್ತು. ಕಲ್ಲಿನ ಚೂಪು ಹೊಕ್ಕು ರಕ್ತ ಹರಿಯುತ್ತಿತ್ತು.

ಬಿದ್ದುಕೊಂಡಿರಲಿ ಎಂದು ತಂಗಿಗೆ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಅವಳು ಮುಂದೆ ಯಾರಿಂದಲೂ ಮುಚ್ಚಿಡಲಿಲ್ಲ. ಆಮೇಲೆ ಸೈಕಲ್ಲನ್ನು ಪಕ್ಕದ ಮಣ್ಣಿನಲ್ಲಿ ಜಾರಿಸಿಕೊಂಡು ಕೆಳಗೆ ಇಳಿದಳು. ವೇಲ್ ಬಿಚ್ಚಿ ಗಾಯದ ಮೇಲೆ ಒತ್ತಿ ಬಿಗಿಯಾಗಿ ಕಟ್ಟಿದಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಅಷ್ಟು ನೋವಿನಲ್ಲೂ ಅಣ್ಣ, "ನಿನ್ನಿಂದಲೇ ಹೀಗಾಯಿತು" ಎಂದ.

ಅವಳು ಎದ್ದು ನಿಂತಳು. ಹೊತ್ತು ಇಳಿಯುತ್ತಿತ್ತು. ನಡೆದು ಹೋಗಿ ಜನರನ್ನು ಕರೆತರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಷ್ಟು ಹೊತ್ತು ಅವನು ತಡೆಯುವುದು ಅನುಮಾನ. ಅವಳು ಸೈಕಲ್ ಹತ್ತಿದಳು.

ಉಳಿದ ದಾರಿ ಇನ್ನೂ ಕೆಟ್ಟದಾಗಿತ್ತು. ಅವಳಿಗೆ ವಿದ್ಯೆ ಒಮ್ಮೆಲೇ ಒಲಿದುಬರಲಿಲ್ಲ. ತಿರುವಿನಲ್ಲಿ ಬಿದ್ದಳು. ಎದ್ದು ಮತ್ತೆ ಬಿದ್ದಳು. ತೀರಾ ಆಗದ ಕಡೆ ಸೈಕಲ್ ಹೊತ್ತು ನಡೆದಳು, ಆಗುವ ಕಡೆ ಬಿಟ್ಟಳು. ದಾರಿಯುದ್ದಕ್ಕೂ ಅಣ್ಣನನ್ನು ಗಟ್ಟಿಯಾಗಿ ಬೈದಳು. ಸುಳ್ಳು ಹೇಳಿ ಕರೆತಂದದ್ದಕ್ಕೆ ಬೈದಳು. ಹಿಂದಿನಿಂದ ಕೂಗಿದ್ದಕ್ಕೆ ಬೈದಳು. ಗಂಡನ ಮಾತೆತ್ತಿದ್ದಕ್ಕೆ, ಗುಡ್ಡ ಪ್ರತಿಧ್ವನಿಸುವಂತೆ, ಹೆತ್ತವರೂ ಕಿವಿ ಮುಚ್ಚಿಕೊಳ್ಳಬೇಕಾದ ಮಾತುಗಳಲ್ಲಿ ಬೈದಳು. ಒಮ್ಮೆ ಬಿದ್ದಾಗ ಕಲ್ಲೊಂದನ್ನು ಎತ್ತಿ ಇನ್ನೊಂದು ಕಲ್ಲಿಗೆ ಅಪ್ಪಳಿಸಿದಳು. ಆಮೇಲೆ ಸರಪಳಿ ಸರಿಮಾಡಿಕೊಂಡು ಮತ್ತೆ ಹತ್ತಿದಳು.

ಗುಡ್ಡದ ಬುಡದಲ್ಲಿ ಕಬ್ಬು ಕಡಿಯುವವರಿದ್ದರು. ಮೈತುಂಬ ಮಣ್ಣು, ತುಟಿ ಒಡೆದ ಹೆಂಗಸೊಬ್ಬಳು ಸೈಕಲ್ ಮೇಲೆ ಕಿರುಚುತ್ತಾ ಇಳಿದುಬರುವುದನ್ನು ಕಂಡು ಅವರು ಕೆಲಸ ಬಿಟ್ಟು ನಿಂತರು.

"ಯಾರಮ್ಮ ನಿನ್ನನ್ನು ಹೊಡೆದವರು?" ಎಂದು ಅವರಲ್ಲಿ ಹಿರಿಯಳು ಕೇಳಿದಳು.

"ಮೇಲೆ ನಮ್ಮಣ್ಣ ಬಿದ್ದಿದ್ದಾನೆ. ಬೇಗ ಬನ್ನಿ" ಎಂದಳು ತಂಗಿ.

ಜನ ಒಂದು ಹೊರಸು ಹೊತ್ತು ಹೊರಟರು. ಅವನಿರುವ ಜಾಗ ಅವಳಿಗೊಬ್ಬಳಿಗೇ ಗೊತ್ತಿತ್ತು. ಕುಂಟುತ್ತಾ ಅವಳೇ ಮುಂದೆ ನಡೆದು ಗುಡ್ಡ ಹತ್ತಿದಳು. ಅಣ್ಣನನ್ನು ಹೊರಸಿನ ಮೇಲೆ ಮಲಗಿಸಿ ಇಳಿಸುವಾಗ ಅವನ ಕಾಲು ಅಲುಗದಂತೆ ಹಿಡಿದುಕೊಂಡದ್ದೂ ಅವಳೇ.

ಅವನ ಜೀವ ಉಳಿಯಿತು. ಕಾಲೂ ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಎರಡೂ ಉಳಿಯುತ್ತಿದ್ದವೆಂದು ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಅವನಿಗೆ ಎಚ್ಚರವಾದಾಗ ತಂಗಿ ಹಾಸಿಗೆಯ ಪಕ್ಕದಲ್ಲಿದ್ದಳು. ಅವಳ ಮುಖದ ತರಚು ಗಾಯಗಳನ್ನು ಅವನು ಒಂದೊಂದಾಗಿ ನೋಡಿದ. ಎರಡೂ ಕೈ ಜೋಡಿಸಿ ಅತ್ತ.

"ಆಡಬಾರದ ಮಾತು ಆಡಿದೆ ತಂಗೀ. ತಪ್ಪಾಯಿತು."

ತಂಗಿ ಅವನ ಬಾಯಿಗೆ ಚಮಚೆಯಿಂದ ಗಂಜಿ ಹಾಕಿದಳು.

"ಕಾಲು ಕೂಡಲಿ" ಎಂದಳು. "ನಿನ್ನ ಜೊತೆ ನನಗೆ ಜಗಳ ಇದೆ. ಎದ್ದು ನಿಂತ ಮೇಲೆ ಆಡುತ್ತೇನೆ. ಈಗ ನುಂಗು."

ಗುರುಗಳು ಕತೆ ನಿಲ್ಲಿಸಿದರು. ಗದಿಗೆಪ್ಪನಿಗೆ ತಡೆಯಲಾಗಲಿಲ್ಲ.

"ಅವಳ ಕೋಪ ಇಳಿದದ್ದು ಯಾವಾಗ ಗುರುಗಳೇ? ಗುಡ್ಡದ ಮೇಲೋ, ಅಣ್ಣ ಅತ್ತಾಗಲೋ?"

"ಅವಳು ಗುಡ್ಡ ಇಳಿದಳು ಎಂದೆ, ಕೋಪ ಇಳಿಯಿತೆಂದು ನಾನೆಲ್ಲಿ ಹೇಳಿದೆ?"