ವ್ಯಾಸಪೀಠದ ಹೂವು

ಗಮಕಿ ಚೂಡಾಮಣಿಯಮ್ಮನವರು ಕಾವ್ಯ ಓದುವಾಗ ಪುಸ್ತಕವಿಡುತ್ತಿದ್ದ ವ್ಯಾಸಪೀಠಕ್ಕೆ ಎರಡೇ ಹಲಗೆ. ನಟ್ಟನಡುವೆ ಕತ್ತರಿಯಂತೆ ಒಂದನ್ನೊಂದು ದಾಟಿದ್ದರಿಂದ ಅಲ್ಲಿ ನಾಲ್ಕು ಕೋನಗಳಿದ್ದವು. ಮೇಲಿನ ಕೋನಕ್ಕೆ ಬಲು ಜಂಬ. ಪುಸ್ತಕ ಕೂರುವುದು ಅದರ ಮಡಿಲಲ್ಲಿ, ಅಮ್ಮ ಹೂವಿಟ್ಟು ಕೈಮುಗಿಯುವುದೂ ಅಲ್ಲೇ.

ಒಂದು ದಿನ ದಪ್ಪ ಪುಸ್ತಕ ಬಂತು. ಮೇಲಿನ ಕೋನ ಅಗಲವಾಗಿ ಅರಳಿ, "ಕೆಳಗಿನವನೇ, ನಾನು ಬೆಳೆದದ್ದು ನೋಡಿದೆಯಾ? ನೀನು ನೆಲ ನೋಡುತ್ತಾ ಮುದುರಿಕೊಂಡಿರು" ಎಂದಿತು.

"ನಾನೂ ಅಷ್ಟೇ ಅಗಲವಾದೆನಪ್ಪಾ" ಎಂದಿತು ಕೆಳಗಿನ ಕೋನ.

"ಸುಳ್ಳು!"

ಪಕ್ಕದ ಕೋನಕ್ಕೆ ನಗು ತಡೆಯಲಾಗಲಿಲ್ಲ. "ನೀನು ಅರಳಿದಷ್ಟೂ ನಾನು ಕಿರಿದಾದೆ. ನಾವಿಬ್ಬರೂ ಕೂಡಿದರೆ ಸರಳಕೋನ, ಹಲಗೆಯಷ್ಟೇ ನೆಟ್ಟಗೆ. ಕೆಳಗಿನವನೂ ನಾನೂ ಕೂಡಿದರೂ ಅಷ್ಟೇ. ಹಾಗಿದ್ದ ಮೇಲೆ ನೀನು ಹೆಚ್ಚು, ಅವನು ಕಡಿಮೆ ಆಗುವುದೆಲ್ಲಿಂದ?"

ಮೇಲಿನ ಕೋನ "ಆದರೂ ಹೂವು ನನಗೇ ತಾನೇ?" ಎಂದು ಗೊಣಗಿತು.

ಮರುದಿನ ಅಮ್ಮ ಪೀಠದ ಧೂಳು ಒರೆಸಿ, ಯಾವ ಕಡೆ ಮೇಲಾದರೇನೆಂದು ತಲೆಕೆಳಗಾಗಿ ಇಟ್ಟರು. ಪುಸ್ತಕವೂ ಹೂವೂ ಇನ್ನೊಬ್ಬನ ಮಡಿಲು ಸೇರಿದವು. ಕೆಳಗಾದ ಕೋನ ಬೆಪ್ಪಾಗಿ ಕಾಲೂರಿ ನಿಂತಿತು. ಅಮ್ಮ ರಾಗ ತೆಗೆದರು. ಅರೆ, ಹಾಡು ಇಲ್ಲಿಗೂ ಅಷ್ಟೇ ಇಂಪಾಗಿ ಕೇಳುತ್ತಿದೆಯಲ್ಲ!

ಖುಷಿಯಲ್ಲಿ ಅದು ಕೂಗಿ ಕೇಳಿತು: "ಏನಯ್ಯಾ, ಇವತ್ತು ಹೂವು ನಿನಗೇ ಬಂತಲ್ಲ?"

"ಹೂವು ಪುಸ್ತಕಕ್ಕೆ ಕಣಯ್ಯಾ!" ಎಂದು ಈಗ ಮೇಲಾದವನು ನಕ್ಕ. "ನೀನು ಗಟ್ಟಿಯಾಗಿ ನಿಲ್ಲು, ಪದ್ಯ ಈಗಷ್ಟೇ ಶುರುವಾಗಿದೆ."