ಬಳುವಳಿಯ ನಲವತ್ತು ಮಂದಿ

“ಕೇಳಿರಿ, ಸೊಗಲಾಪುರದ ಪ್ರಜೆಗಳೇ! ಅರಸ ಕೀರ್ತಿದೇವರ ಅಪ್ಪಣೆ. ರಾಜಕುಮಾರಿ ಚಾಗಲದೇವಿ ಕೇಳುವ ಮೂರು ಒಗಟು ಬಿಡಿಸಿದವನಿಗೆ, ಅವನು ಯಾರೇ ಆಗಿರಲಿ, ರಾಜಕುಮಾರಿಯನ್ನು ಕೊಟ್ಟು ಮದುವೆ ಮಾಡಲಾಗುವುದು. ಬಳುವಳಿಯಾಗಿ ಅರಮನೆಯ ನಲವತ್ತು ಮಂದಿ ತೊತ್ತಾಳುಗಳನ್ನೂ ಕೊಡಲಾಗುವುದು. ತಪ್ಪು ಹೇಳಿದವನ ತಲೆ ಉಳಿಯದು!”

ಡಂಗುರದವನು ಇದನ್ನು ಸಾರಿದ್ದು ಎಲ್ಲಿ ನಿಂತು ಅಂತೀರಿ? ಊರ ನಡುವಿನ ಶಾಸನದ ಕಲ್ಲಿನ ಕೆಳಗೆ. ನೂರು ವರ್ಷದ ಹಿಂದೆ ನಾಡು ಕಟ್ಟಿದ ಐವರು ಹಿರಿಯರು ಅದರಲ್ಲಿ ಮೊದಲ ಸಾಲಾಗಿ ಕೆತ್ತಿಸಿದ್ದರು: “ಇಲ್ಲಿ ಹುಟ್ಟಿದ ಯಾರೂ ಯಾರ ಸೊತ್ತೂ ಅಲ್ಲ.” ಆ ಸಾಲಿನ ಅಡಿಯಲ್ಲೇ ನಿಂತು ನಲವತ್ತು ಜನರನ್ನು ಕೊಡುತ್ತೇವೆಂದು ಕೂಗುವಾಗ ಆ ಪುಣ್ಯಾತ್ಮನ ನಾಲಿಗೆಯಾದರೂ ತೊದಲಬೇಡವೇ? ತೊದಲಲಿಲ್ಲ. ಕೇಳಿದವರೂ ಹುಬ್ಬೇರಿಸಲಿಲ್ಲ.

ಮೈಯೆಲ್ಲ ಉರಿದದ್ದು ದ್ಯಾಮನಿಗೆ. ಸಭೆಯ ಚಾವಡಿಯಲ್ಲಿ ದೊಡ್ಡ ಬೀಸಣಿಗೆಯ ಹಗ್ಗ ಎಳೆಯುವ ಆಳು ಅವನು. ನಲವತ್ತರಲ್ಲಿ ಅವನೂ ಒಬ್ಬ, ಅವನ ಅಕ್ಕ ಹಾಲವ್ವನೂ ಒಬ್ಬಳು. ಹಾಲವ್ವನ ಗಂಡ ಕುದುರೆ ಲಾಯದವನು. ಅವನ ಹೆಸರು ಬಳುವಳಿಯಲ್ಲಿ ಇರಲಿಲ್ಲ. ದೂರದವನು ಯಾವನಾದರೂ ಗೆದ್ದರೆ ಅಕ್ಕ ಮತ್ತೆ ಗಂಡನ ಮುಖ ನೋಡುವಂತಿರಲಿಲ್ಲ.

ಮೊದಲ ದಿನ ಪಕ್ಕದ ರಾಜ್ಯದ ಯುವರಾಜ ಬಂದ. ಚಾಗಲದೇವಿ ಕೇಳಿದಳು, “ಇದೇ ಚಾವಡಿಯಲ್ಲಿ ಐವರು ಹಿರಿಯರು ಕೂತು ಶಾಸನ ಬರೆದರು. ಆದರೆ ಇದ್ದವರು ಆರು ಮಂದಿ. ಆರನೆಯವನು ಎಲ್ಲ ಮಾತನ್ನೂ ಕೇಳಿದ, ಒಂದು ಮಾತನ್ನೂ ಆಡಲಿಲ್ಲ. ಯಾರವನು?”

“ದೇವರು,” ಎಂದ ಯುವರಾಜ, ಮೀಸೆ ತೀಡುತ್ತ. ಸಂಜೆಯೊಳಗೆ ಮೀಸೆ ಸಮೇತ ತಲೆ ಹೋಯಿತು. ಮರುದಿನ ಬಂದ ಪಂಡಿತ ಉದ್ದಕ್ಕೆ ಶ್ಲೋಕ ಹೇಳಿ “ಧರ್ಮ” ಎಂದ. ಮೂರನೆಯವನು ದಂಡನಾಯಕ, “ಶತ್ರುಗಳ ಗೂಢಚಾರ” ಎಂದ. ಒಗಟು ಮಗಳದು, ಕೊಡಲಿ ಅಪ್ಪನದು, ಪಂಡಿತನೂ ದಂಡನಾಯಕನೂ ಉಳಿಯಲಿಲ್ಲ. ಉತ್ತರಕ್ಕಾಗಿ ಒಬ್ಬ ಸೂರು ನೋಡಿದ, ಒಬ್ಬ ಕಿಟಕಿ ನೋಡಿದ. ಮೂಲೆಯಲ್ಲಿ ಹಗ್ಗ ಎಳೆಯುತ್ತಿದ್ದವನ ಕಡೆ ಯಾವನೂ ಕಣ್ಣೆತ್ತಲಿಲ್ಲ.

ನಾಲ್ಕನೆಯ ದಿನ ಒಬ್ಬ ಸಾಮಂತ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಬೀಸಣಿಗೆ ನಿಂತಿತು. ದ್ಯಾಮ ಹಗ್ಗ ಬಿಟ್ಟು ಸಭೆಯ ನಡುವೆ ಬಂದಿದ್ದ.

“ನಾ ಹೇಳ್ತೀನಿ.”

ಮಂತ್ರಿ ಕೆಂಡವಾದ. “ಬಳುವಳಿಯ ಆಳೇ ಬಹುಮಾನಕ್ಕೆ ನಿಲ್ಲುವುದೇ? ಎಳೆದು ಹಾಕಿ ಇವನನ್ನು!”

“ಯಾರೇ ಆಗಿರಲಿ ಎಂದು ಸಾರಿದ್ದೀರಿ, ಮಂತ್ರಿಗಳೇ,” ಎಂದಳು ಚಾಗಲದೇವಿ. “ಹೇಳು.”

“ಆರನೆಯವ ನಮ್ಮ ಮುತ್ತಜ್ಜ, ದೊರೆಸಾನಿ. ಈ ಹಗ್ಗ ಎಳೀತಿದ್ದ. ಯಾರೂ ಯಾರ ಸೊತ್ತೂ ಅಲ್ಲ ಅಂತ ಬರೀವಾಗ ಆ ದೊಡ್ಡವರಿಗೆ ಬೆವರು ಬರಬಾರದಲ್ಲ, ಅದಕ್ಕ. ಆತನ್ನ ಯಾರೂ ಎಣಿಸಲಿಲ್ಲ. ನಾಕು ದಿನದಿಂದ ನಾನೂ ಇಲ್ಲೇ ಅದೀನಿ. ನನ್ನ ಯಾರು ಎಣಿಸೀರಿ?”

“ಸರಿ,” ಎಂದಳು ಅವಳು. ಅರಸ ಪೀಠದಲ್ಲಿ ಮುಂದಕ್ಕೆ ಸರಿದು ಕೂತ.

“ಆ ಹಿರಿಯರು ದಿನವೂ ಸಂಜೆ ಮನೆಗೆ ಹೊರಡುವಾಗ ಒಂದನ್ನು ಇಲ್ಲೇ ಬಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಬಂದು ಮತ್ತೆ ಎತ್ತಿಕೊಳ್ಳುತ್ತಿದ್ದರು. ಏನದು?” ಎಂದು ಎರಡನೆಯ ಒಗಟು ಕೇಳಿದಳು ಚಾಗಲದೇವಿ.

“ಬರೆದ ಮಾತು!” ಎಂದ ದ್ಯಾಮ ಸಿಟ್ಟಿನಿಂದ. “ಅದನ್ನ ಒಬ್ಬನೂ ಮನಿಗೆ ಒಯ್ಯಲಿಲ್ಲ. ಆ ಮೊದಲನೇ ಸಾಲು ಬರೆದಾತ ಅದೇ ವಾರ ಇಬ್ಬರು ಹೆಣ್ಣುಮಕ್ಕಳ ಮದುವಿ ಮಾಡಿದ. ದೊಡ್ಡಾಕಿಗೆ ನಮ್ಮ ಮುತ್ತಜ್ಜಿನ ಬಳುವಳಿ ಕೊಟ್ಟ. ಸಣ್ಣಾಕಿಗೆ ಮುತ್ತಜ್ಜಿ ಹೆತ್ತ ಕೂಸು ಕೊಟ್ಟ. ಮೊಲಿ ಬಿಡಿಸಿ ಕೊಟ್ಟ! ಮರುದಿನ ಇಲ್ಲಿಗೆ ಬಂದು ಎರಡನೇ ಸಾಲು ಬರೆದ.”

“ಇದೂ ಸರಿ,” ಎಂದು ಚಾಗಲದೇವಿ ಮೂರನೆಯದನ್ನು ಕೇಳಿದಳು, “ಬರೆದ ಕೈ ಸುಳ್ಳು, ಬರೆದ ಮಾತು ನಿಜ. ಹಾಗಾದರೆ ಆ ಮಾತು ಯಾರದು?”

ಯಾರದೂ ಅಲ್ಲ, ಆ ಕಲ್ಲನ್ನು ಸುತ್ತಿಗೆಯಿಂದ ಪುಡಿ ಮಾಡಿ ಎಂಬ ಮಾತು ದ್ಯಾಮನ ತುದಿನಾಲಿಗೆಗೆ ಬಂದಿತ್ತು. ಎಷ್ಟು ಸಲ ಆ ಕಲ್ಲನ್ನು ನೋಡಿ ಹಲ್ಲು ಕಡಿದಿದ್ದನೋ. ಅಷ್ಟರಲ್ಲಿ ಅಕ್ಕನ ನೆನಪಾಯಿತು. ಅಕ್ಕನನ್ನು ಕೊಡಬೇಡಿ ಎನ್ನಲು ಅವನಿಗಿದ್ದ ಆಧಾರ ಆ ಸಾಲೊಂದೇ.

“ನಮ್ಮದು,” ಎಂದ. “ಅವರಿಗೆ ಆ ಮಾತಿನ ಗರಜು ಇರಲಿಲ್ಲ. ಅವರನ್ನ ಯಾರೂ ಬಳುವಳಿ ಕೊಟ್ಟಿರಲಿಲ್ಲ. ಕೊಟ್ಟದ್ದು ನಮ್ಮನ್ನ, ಅದಕ್ಕ ಮಾತೂ ನಮ್ಮದು. ಬರೆದವರು ಸತ್ತರು. ನಡೆಸಾವ್ರು ನಾವು.”

ಚಾಗಲದೇವಿ ಎದ್ದು ನಿಂತಳು. “ಮೂರೂ ಸರಿ.”

ಅರಸ ತನ್ನ ಅಪ್ಪಣೆಗೆ ತಾನೇ ಸಿಕ್ಕಿಬಿದ್ದಿದ್ದ. “ನಲವತ್ತೂ ನಿನ್ನವು, ತಗೋ. ಮಗಳೂ ನಿನ್ನವಳು,” ಎಂದ ಮುಖ ಕಿವಿಚಿ.

ದ್ಯಾಮ ಅಂಗಳಕ್ಕೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಕೂಗಿದ. ಒಂದೇ ಸಾಲಿನ ಗುಡಿಸಲಲ್ಲಿ ಬೆಳೆದವರು, ಹೆಸರೆಲ್ಲ ಬಾಯಿಗೇ ಬರುತ್ತಿದ್ದವು. “ಗುರವ್ವಾ, ನೀ ಯಾರ ಸೊತ್ತೂ ಅಲ್ಲ. ಭರಮಾ, ನೀ ಯಾರ ಸೊತ್ತೂ ಅಲ್ಲ. ಅಕ್ಕಾ, ನೀ ಯಾರ ಸೊತ್ತೂ ಅಲ್ಲ!” ಕೊನೆಗೆ ಎದೆ ತಟ್ಟಿಕೊಂಡು ತನ್ನ ಹೆಸರನ್ನೂ ಕೂಗಿದ. ಮುದುಕರು ಗೊಳೋ ಎಂದು ಅತ್ತರು. ಅವನು ಗೆದ್ದ ಗತ್ತಿನಲ್ಲಿ ಚಾವಡಿಗೆ ಮರಳಿ ರಾಜಕುಮಾರಿಯ ಕೈ ಹಿಡಿದ.

“ನಡಿ. ಇನ್ನ ನೀ ನನ್ನಾಕಿ.”

ಹಿಂದಿನಿಂದ ಬಂದ ಹಾಲವ್ವ ಆ ಕೈಮೇಲೆ ಪಟಾರನೆ ಹೊಡೆದಳು. “ಬಿಡೋ ಕೈ! ನಿನಗ ಕೊಟ್ಟಿದ್ದು ನಲವತ್ತೊಂದು ಮಂದಿನ. ಒಂದ್ ಹೆಸರು ನುಂಗಿದಿಯಲ್ಲೋ! ಈಕಿ ಇಲ್ಲಿ ಹುಟ್ಟಿಲ್ಲೇನು?”

ದ್ಯಾಮನ ಮುಖ ಕೆಂಪೇರಿತು. ಸತ್ತ ಐವರ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ಕೈ ಬಿಟ್ಟ. “ಚಾಗಲದೇವಿ, ನೀವು ಯಾರ ಸೊತ್ತೂ ಅಲ್ಲ,” ಎಂದ ಮೆಲ್ಲಗೆ.

“ನನ್ನಪ್ಪನ ಕಡೆ ತಿರುಗಿ ಹೇಳು,” ಎಂದಳು ಅವಳು. “ಗಟ್ಟಿಯಾಗಿ.”

ಗಟ್ಟಿಯಾಗಿಯೇ ಹೇಳಿದ.

ಮದುವೆಯಾಯಿತೇ ಎಂದು ಕೇಳುತ್ತೀರಿ. ಆಯಿತು, ಆದರೆ ಅವನು ಕೇಳಬೇಕಾಯಿತು, ಅವಳು ಒಂದು ವರ್ಷ ಕಾಯಿಸಿ ಹೂಂ ಎಂದಳು. ಆ ವರ್ಷವೆಲ್ಲ ದ್ಯಾಮ ಅಕ್ಕನ ಮನೆಯಲ್ಲಿ ಉಂಡ. ಬಡಿಸುವಾಗೆಲ್ಲ ಹಾಲವ್ವ, “ಎಷ್ಟು ಮಂದಿ ಇದ್ದರೋ ತಮ್ಮಾ?” ಎಂದು ಕೇಳುತ್ತಿದ್ದಳು. ಅವನು ತಲೆ ತಗ್ಗಿಸಿ, “ನಲವತ್ತೊಂದು, ಅಕ್ಕಾ,” ಎನ್ನುತ್ತಿದ್ದ.